ಪ್ರೆಸ್‌ಬಿಟೇರಿಯನ್ ಚರ್ಚಿನ ಸಿಬ್ಬಂದಿ: ಆಫೀಸಿನ ಮೇಜಿನಿಂದ ಆರ್ಗನ್ ಪೈಪಿನವರೆಗೆ ಸೇವೆ ಹೇಗಿದೆ?

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಅಮೆರಿಕದ ಮಧ್ಯಮ ಗಾತ್ರದ ಪ್ರೆಸ್‌ಬಿಟೇರಿಯನ್ (ಪ್ರೊಟೆಸ್ಟೆಂಟ್ ಕ್ರೈಸ್ತರ ಒಂದು ಪಂಥ) ಚರ್ಚಿನ ಸಿಬ್ಬಂದಿಯ ಸೇವೆ ನಂಬಬಹುದಾದದ್ದು, ಆದರೆ ಅವಸರದವರಿಗೆ ಹೇಳಿ ಮಾಡಿಸಿದ್ದಲ್ಲ. ಮಗುವಿನ ದೀಕ್ಷಾಸ್ನಾನ, ಮದುವೆ, ಅಂತ್ಯಕ್ರಿಯೆ, ಆಸ್ಪತ್ರೆಯಲ್ಲಿ ಪ್ರಾರ್ಥನೆ, ಹಾಲ್ ಬಾಡಿಗೆ, ಯಾವುದಕ್ಕೆ ಹೋದರೂ ಕೆಲಸ ಆಗುತ್ತದೆ. ಯಾವ ಮಾತನ್ನು ಯಾರ ಹತ್ತಿರ ಆಡಬೇಕೆಂದು ಗೊತ್ತಿದ್ದರೆ ಬೇಗ ಆಗುತ್ತದೆ, ಗೊತ್ತಿಲ್ಲದಿದ್ದರೆ ವಾರಗಟ್ಟಲೆ ಎಳೆಯುತ್ತದೆ. ದೂರು ಹೇಳುವವರಲ್ಲಿ ಹೆಚ್ಚಿನವರು ತಪ್ಪು ಬಾಗಿಲು ತಟ್ಟಿದವರೇ.

ಇಲ್ಲಿ ಹೇಳುವುದೆಲ್ಲ ಪ್ರೆಸ್‌ಬಿಟೇರಿಯನ್ ಚರ್ಚ್ ಯು.ಎಸ್.ಎ. ಎಂಬ ಪಂಗಡದ ಬಗ್ಗೆ. ಅಂತರ್ಯುದ್ಧದ ಕಾಲದಲ್ಲಿ ಉತ್ತರ ದಕ್ಷಿಣ ಎಂದು ಒಡೆದುಹೋಗಿದ್ದ ಎರಡು ಸಭೆಗಳು 1983ರಲ್ಲಿ ಅಟ್ಲಾಂಟಾದಲ್ಲಿ ಮತ್ತೆ ಕೂಡಿ ಆದದ್ದು ಇದು. ಪ್ರೆಸ್‌ಬಿಟೇರಿಯನ್ ಎಂಬ ಹೆಸರು ಹೊತ್ತ ಬೇರೆ ಪಂಗಡಗಳೂ ಅಮೆರಿಕದಲ್ಲಿವೆ, ಅವುಗಳ ನಿಯಮ ಬೇರೆ. ಉದಾಹರಣೆಗೆ, ಕೆಲವು ಪಂಗಡಗಳಲ್ಲಿ ಹೆಂಗಸರಿಗೆ ಸಭಾಪಾಲಕರ, ಅಂದರೆ ಪಾಸ್ಟರ್‌ಗಳ, ದೀಕ್ಷೆ ಇಲ್ಲ. ಇಲ್ಲಿ ಉತ್ತರದ ಸಭೆಯಲ್ಲಿ 1956ರಿಂದ, ದಕ್ಷಿಣದ ಸಭೆಯಲ್ಲಿ 1964ರಿಂದ ಇದೆ.

ಗ್ರೀಕ್ ಭಾಷೆಯಲ್ಲಿ ಪ್ರೆಸ್‌ಬಿಟರ್ ಅಂದರೆ ಹಿರಿಯ. ಹೆಸರಿನಲ್ಲೇ ಆಡಳಿತದ ಗುಟ್ಟಿದೆ. ಬಿಷಪ್ ಇಲ್ಲ, ಸಭಾಪಾಲಕರೊಬ್ಬರೇ ಯಜಮಾನರೂ ಅಲ್ಲ. ಸಭೆಯವರು ಚುನಾಯಿಸಿದ ಹಿರಿಯರು ಮತ್ತು ಸಭಾಪಾಲಕರು ಸೇರಿದ ಮಂಡಳಿಗೆ ಸೆಷನ್ ಎನ್ನುತ್ತಾರೆ, ತೀರ್ಮಾನ ಅಲ್ಲಿ ಆಗುತ್ತದೆ. ಸಭಾಪಾಲಕರು ಅದರ ಅಧ್ಯಕ್ಷತೆ ವಹಿಸುತ್ತಾರೆ. ಹಿರಿಯರ ಅವಧಿ ಸಾಮಾನ್ಯವಾಗಿ 3 ವರ್ಷ, ಸತತವಾಗಿ 6 ವರ್ಷಕ್ಕಿಂತ ಹೆಚ್ಚು ಕೂರುವಂತಿಲ್ಲ. ದೀಕ್ಷೆ ಮಾತ್ರ ಜೀವನಪರ್ಯಂತ. ಹಾಗಾಗಿ ಪೀಠದ ಬಳಿ ನಿಂತು ಕೈಕುಲುಕುವ ಅಜ್ಜಿಯೊಬ್ಬರು ಈಗ ಸೆಷನ್‌ನಲ್ಲಿ ಇಲ್ಲದಿದ್ದರೂ ದೀಕ್ಷೆ ಪಡೆದ ಹಿರಿಯರೇ ಆಗಿರಬಹುದು. ಅಂಥವರಿಗೆ ಚರ್ಚಿನ ಒಳಹೊರಗು ಸಂಬಳದ ಸಿಬ್ಬಂದಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಸಭಾಪಾಲಕರಿಂದಲೇ ಶುರು ಮಾಡೋಣ. ಓದಿನ ವಿಷಯದಲ್ಲಿ ಈ ಪಂಗಡ ರಾಜಿಯಾಗುವುದು ಕಡಿಮೆ. ಪದವಿಯ ಮೇಲೆ 3 ವರ್ಷದ ದೈವಶಾಸ್ತ್ರ, ಜೊತೆಗೆ ಹೀಬ್ರೂ ಮತ್ತು ಗ್ರೀಕ್. ಅದರ ಮೇಲೆ ಪಂಗಡ ನಡೆಸುವ 5 ಪರೀಕ್ಷೆಗಳು: ಸತ್ಯವೇದದ ಜ್ಞಾನ, ವಚನದ ವ್ಯಾಖ್ಯಾನ, ದೈವಶಾಸ್ತ್ರ, ಆರಾಧನೆ ಮತ್ತು ಸಂಸ್ಕಾರ, ಸಭಾ ಆಡಳಿತ. ಇಷ್ಟೆಲ್ಲ ದಾಟಿ ಬಂದವರ ಪ್ರಸಂಗದಲ್ಲಿ ವಚನದ ಹಿನ್ನೆಲೆ ಗಟ್ಟಿಯಾಗಿರುತ್ತದೆ, ಅದು ಕೇಳುವಾಗಲೇ ತಿಳಿಯುತ್ತದೆ. ಅಬ್ಬರದ ಪ್ರಸಂಗಕ್ಕೆ ಕಿವಿ ಹೊಂದಿಸಿಕೊಂಡವರಿಗೆ ಸ್ವಲ್ಪ ತಣ್ಣಗೆ ಅನ್ನಿಸಬಹುದು.

ಯಾವ ವಚನ ಓದಬೇಕು, ಏನು ಬೋಧಿಸಬೇಕು, ಯಾವ ಪ್ರಾರ್ಥನೆ, ಯಾವ ಗೀತೆ, ಇವು ಸಭಾಪಾಲಕರ ಹೊಣೆ. ಆರಾಧನೆಯ ಸಮಯ, ಸ್ಥಳ, ಕಟ್ಟಡದ ಬಳಕೆ, ಯಾರಿಗೆ ದೀಕ್ಷಾಸ್ನಾನ, ಯಾವಾಗ ಪ್ರಭು ಭೋಜನ (ರೊಟ್ಟಿ, ದ್ರಾಕ್ಷಿರಸ ಹಂಚಿಕೊಳ್ಳುವ ಸಂಸ್ಕಾರ), ಇವು ಸೆಷನ್‌ನ ಹೊಣೆ. ಈ ಗೆರೆ ನೆನಪಿಟ್ಟುಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ. ಭಾನುವಾರ ಬಾಗಿಲ ಬಳಿ ಸಭಾಪಾಲಕರನ್ನು ಹಿಡಿದು, ‘ಮುಂದಿನ ವಾರ ಮಗುವಿಗೆ ಸ್ನಾನ ಕೊಡಿ’ ಎಂದರೆ ಅವರು ನಗುನಗುತ್ತಲೇ ‘ಸೆಷನ್‌ಗೆ ಹೇಳುತ್ತೇನೆ’ ಎನ್ನುತ್ತಾರೆ. ಅದು ಸಾಗಹಾಕುವ ಮಾತಲ್ಲ, ಒಬ್ಬರೇ ಒಪ್ಪಿಕೊಳ್ಳುವ ಅಧಿಕಾರ ಅವರಿಗೆ ನಿಜವಾಗಿಯೂ ಇಲ್ಲ. ಹೆಚ್ಚಿನ ಕಡೆ ಸೆಷನ್ ತಿಂಗಳಿಗೊಮ್ಮೆ ಕೂಡುತ್ತದೆ, ಆದ್ದರಿಂದ ಎರಡು ತಿಂಗಳು ಮೊದಲೇ ಕೇಳುವುದು ಒಳ್ಳೆಯದು. ತಂದೆ ತಾಯಿಯರಲ್ಲಿ ಒಬ್ಬರಾದರೂ ಸಭೆಯ ಸದಸ್ಯರಾಗಿರಬೇಕೆಂಬ ನಿರೀಕ್ಷೆ ಸಾಮಾನ್ಯವಾಗಿ ಇರುತ್ತದೆ. ಮನೆಯವರಷ್ಟೇ ಸೇರಿ ಗುಟ್ಟಾಗಿ ಮಾಡಿಸುವ ಪದ್ಧತಿ ಇಲ್ಲ, ಮಗುವನ್ನು ಸಾಕುವ ವಾಗ್ದಾನದಲ್ಲಿ ಇಡೀ ಸಭೆ ಪಾಲು ತೆಗೆದುಕೊಳ್ಳುತ್ತದೆ.

ಆಸ್ಪತ್ರೆ ಭೇಟಿಯ ಬಗ್ಗೆ ಬರುವ ಕೊರಗು ಒಂದೇ: ‘ನಾಲ್ಕು ದಿನ ಮಲಗಿದ್ದೆ, ಪಾಸ್ಟರ್ ಬರಲೇ ಇಲ್ಲ.’ ಅಮೆರಿಕದ ಆಸ್ಪತ್ರೆಗಳು ರೋಗಿಯ ಗೋಪ್ಯತೆಯ ಕಾನೂನಿಗೆ ಕಟ್ಟುಬಿದ್ದಿರುವುದರಿಂದ ತಾವಾಗಿ ಚರ್ಚಿಗೆ ಫೋನ್ ಮಾಡಿ ತಿಳಿಸುವುದಿಲ್ಲ. ಸೇರುವಾಗ ಫಾರ್ಮ್‌ನಲ್ಲಿ ಧರ್ಮ ಯಾವುದೆಂದು ಬರೆದರೂ ಅದು ಆಸ್ಪತ್ರೆಯದೇ ಧರ್ಮಸೇವಕರಾದ ಚಾಪ್ಲೇನ್‌ಗೆ ತಲುಪಬಹುದು, ನಿಮ್ಮ ಸಭಾಪಾಲಕರಿಗಲ್ಲ. ಮನೆಯವರೇ ಆಫೀಸಿಗೆ ಕರೆ ಮಾಡಬೇಕು. ಕರೆ ಹೋದಮೇಲೂ ಯಾರೂ ಬಾರದಿದ್ದರೆ ಆಗ ದೂರು ನ್ಯಾಯವಾದದ್ದು.

ಸಭಾಪಾಲಕರು ಬದಲಾಗುವ ಕಾಲ ಈ ಸೇವೆಯ ಅತ್ಯಂತ ದುರ್ಬಲ ಕೊಂಡಿ. ಹೊಸಬರನ್ನು ಯಾರೂ ಮೇಲಿನಿಂದ ಕಳಿಸಿಕೊಡುವುದಿಲ್ಲ. ಸಭೆ ಹುಡುಕುವ ಸಮಿತಿಯೊಂದನ್ನು ಚುನಾಯಿಸುತ್ತದೆ, ಸಮಿತಿ ಹುಡುಕಿ ಮಾತಾಡಿಸಿ ಒಬ್ಬರ ಹೆಸರನ್ನು ಮುಂದಿಡುತ್ತದೆ, ಸಭೆ ಮತ ಹಾಕುತ್ತದೆ, ಆ ಭಾಗದ ಚರ್ಚುಗಳ ಮಂಡಳಿಯಾದ ಪ್ರೆಸ್‌ಬಿಟರಿ ಒಪ್ಪಬೇಕು. ಇದಕ್ಕೆ ಒಂದು ವರ್ಷ ಹಿಡಿದರೆ ಆಶ್ಚರ್ಯವಿಲ್ಲ. ಅಲ್ಲಿಯವರೆಗೆ ತಾತ್ಕಾಲಿಕ ಪಾಸ್ಟರ್ ಇರುತ್ತಾರೆ. ಬೇಡವಾದವರನ್ನು ಕಳಿಸುವುದೂ ಅಷ್ಟೇ ನಿಧಾನ. ಸೆಷನ್ ಸಿಟ್ಟಾದ ಮಾತ್ರಕ್ಕೆ ಸಭಾಪಾಲಕರನ್ನು ತೆಗೆಯಲಾಗದು, ಆ ಸಂಬಂಧವನ್ನು ಬಿಡಿಸುವ ಅಧಿಕಾರ ಪ್ರೆಸ್‌ಬಿಟರಿಗೆ ಮಾತ್ರ. ಪೀಠದಿಂದ ನಿಷ್ಠುರ ಮಾತಾಡುವವರಿಗೆ ಇದು ರಕ್ಷಣೆ. ಈ ನಿಧಾನವನ್ನು ನಾವು ದೋಷವೆಂದು ಎಣಿಸುವುದಿಲ್ಲ.

ಈಗ ಆಫೀಸಿಗೆ ಬರೋಣ. ಒಂದು ಚರ್ಚಿನ ಸೇವೆ ಹೇಗಿದೆ ಎಂದು ಒಂದೇ ಕಡೆ ನೋಡಿ ಹೇಳಬೇಕಾದರೆ ಆಫೀಸ್ ಅಡ್ಮಿನಿಸ್ಟ್ರೇಟರ್ ಮೇಜಿನ ಹತ್ತಿರ ಗುರುವಾರ ಮಧ್ಯಾಹ್ನ ನಿಂತು ನೋಡಿ. ಹೆಚ್ಚಿನ ಕಡೆ ಇದು ಅರ್ಧ ದಿನದ ಕೆಲಸ, ಹೊರೆ ಮಾತ್ರ ಪೂರ್ತಿ ದಿನದ್ದು. ಫೋನ್, ಕ್ಯಾಲೆಂಡರ್, ಹಾಲ್ ಬುಕಿಂಗ್, ಸದಸ್ಯರ ವಿಳಾಸ, ಪ್ರಾರ್ಥನಾ ಪಟ್ಟಿ, ಎಲ್ಲಕ್ಕಿಂತ ಮೇಲೆ ಭಾನುವಾರದ ಬುಲೆಟಿನ್, ಅಂದರೆ ಆರಾಧನೆಯ ಕ್ರಮ ಅಚ್ಚಾದ ಪುಸ್ತಿಕೆ.

ಬುಲೆಟಿನ್ ಸುಲಭದ್ದಲ್ಲ. ಮಡಚಿದ ಹಾಳೆಯಲ್ಲಿ ಪುಟಗಳು ನಾಲ್ಕರ ಲೆಕ್ಕದಲ್ಲೇ ಬರಬೇಕು: 4, 8, 12. ವಿಷಯ 9 ಪುಟವಾದರೆ 12ಕ್ಕೆ ಹಿಗ್ಗಿಸಬೇಕು, ಇಲ್ಲವೇ 8ಕ್ಕೆ ಕತ್ತರಿಸಬೇಕು. ಶುಕ್ರವಾರ ಬೆಳಿಗ್ಗೆ ಕ್ವಾಯರ್ (ಗಾಯನ ತಂಡ) ಮಾಸ್ಟರ್ ಒಂದು ಗೀತೆ ಬದಲಿಸಿದರೆ ಆ ಒಂದು ಸಾಲಿನಿಂದ ಇಡೀ ಪುಟವಿನ್ಯಾಸ ಜಾರುತ್ತದೆ. ಅದಕ್ಕೇ ಚೆನ್ನಾಗಿ ನಡೆಯುವ ಆಫೀಸಿನಲ್ಲಿ ಗಡುವು ಬುಧವಾರ ಮಧ್ಯಾಹ್ನ, ಸಭಾಪಾಲಕರಿಗೂ ವಿನಾಯಿತಿ ಇಲ್ಲ. ತಪ್ಪು ಹೆಚ್ಚಾಗಿ ಬೀಳುವುದು ಮೂರು ಕಡೆ. ಒಂದು, ಗೀತೆಯ ಸಂಖ್ಯೆ: ಬೆಂಚಿನಲ್ಲಿ ಹೊಸ ಗೀತೆ ಪುಸ್ತಕ, ಕಂಪ್ಯೂಟರಿನಲ್ಲಿ ಹಳೆಯ ಬುಲೆಟಿನ್‌ನ ನಕಲು, ಸಂಖ್ಯೆ ಹೊಂದುವುದಿಲ್ಲ, 200 ಜನ ಎದ್ದು ನಿಂತು ಬೇರೊಂದು ಹಾಡು ತೆರೆಯುತ್ತಾರೆ. ಎರಡು, ಕಳೆದ ವಾರದ ಕಡತದ ಮೇಲೇ ಬರೆದು ತಾರೀಕು ಬದಲಿಸಲು ಮರೆಯುವುದು. ಮೂರು, ಪ್ರಾರ್ಥನಾ ಪಟ್ಟಿ. ತೀರಿಕೊಂಡವರ ಹೆಸರು ‘ಗುಣವಾಗಲಿ’ ಎಂಬ ಸಾಲಿನ ಕೆಳಗೆ ಉಳಿದುಬಿಟ್ಟರೆ ಆ ಕುಟುಂಬಕ್ಕೆ ಆಗುವ ನೋವು ಸಣ್ಣದಲ್ಲ. ಪ್ರತಿ ಹೆಸರಿನ ಎದುರು ಯಾರು ಕೊಟ್ಟರು, ಯಾವತ್ತು ಕೊಟ್ಟರು ಎಂದು ಬರೆದಿಟ್ಟು, ನಾಲ್ಕು ವಾರಕ್ಕೊಮ್ಮೆ ಕೊಟ್ಟವರನ್ನೇ ಕೇಳಿ ಪಟ್ಟಿ ಹೊಸದು ಮಾಡುವುದು ಸರಿಯಾದ ಕ್ರಮ. ರೋಗದ ವಿವರವನ್ನು ಅಚ್ಚು ಹಾಕಬಾರದು, ಹೆಸರಷ್ಟೇ ಸಾಕು, ಅದೂ ಅವರ ಒಪ್ಪಿಗೆ ಪಡೆದು. ಅಚ್ಚಿಗೆ ಕಳಿಸುವ ಮುಂಚೆ ಎರಡನೆಯವರೊಬ್ಬರು ಗೀತೆ ಪುಸ್ತಕವನ್ನು ಕೈಯಲ್ಲೇ ಹಿಡಿದು ಒಂದೊಂದೇ ಸಂಖ್ಯೆ ತಾಳೆ ನೋಡಿದರೆ ಇದೆಲ್ಲ ಹತ್ತು ನಿಮಿಷದ ಕೆಲಸ.

ಸಂಗೀತದ ಸಿಬ್ಬಂದಿಗೆ ನಮ್ಮ ಪಟ್ಟಿಯಲ್ಲಿ ಹೆಚ್ಚಿನ ಅಂಕ. ಸಣ್ಣ ಸಭೆಯಲ್ಲಿ ಆರ್ಗನ್ ನುಡಿಸುವವರೇ ಕ್ವಾಯರ್ ನಡೆಸುತ್ತಾರೆ, ದೊಡ್ಡ ಸಭೆಯಲ್ಲಿ ಇಬ್ಬರು. ನಿಜವಾದ ಪೈಪ್ ಆರ್ಗನ್ ಇರುವ ಚರ್ಚಿನಲ್ಲಿ ಅವರ ಕೆಲಸ ಬಾಯ್ಲರ್ ನೋಡಿಕೊಳ್ಳುವವರ ಕೈಯಲ್ಲಿದೆ ಎಂಬುದು ಬಹಳ ಜನಕ್ಕೆ ತಿಳಿದಿಲ್ಲ. ಗಾಳಿ ಬಿಸಿಯಾದಂತೆ ಕೊಳಲಿನ ಹಾಗೆ ನುಡಿಯುವ ಫ್ಲೂ ಪೈಪುಗಳ ಶ್ರುತಿ ಏರುತ್ತದೆ, ಒಳಗಿನ ತಗಡಿನ ನಾಲಗೆ ಕಂಪಿಸಿ ನುಡಿಯುವ ರೀಡ್ ಪೈಪುಗಳದು ಅಷ್ಟು ಏರುವುದಿಲ್ಲ. 10 ಡಿಗ್ರಿ ಫ್ಯಾರನ್‌ಹೀಟ್ ವ್ಯತ್ಯಾಸವಾದರೆ ಫ್ಲೂ ಪೈಪುಗಳು ಅರ್ಧ ಸ್ವರದ ಸುಮಾರು ಆರನೇ ಒಂದು ಪಾಲಿನಷ್ಟು ಜರುಗುತ್ತವೆ, ಎರಡು ಬಗೆಯ ಪೈಪುಗಳು ಒಂದಕ್ಕೊಂದು ಕಚ್ಚಾಡುತ್ತವೆ. ಕೇಳುವವರು ‘ಆರ್ಗನ್ ಹಳೆಯದಾಯಿತು’ ಎನ್ನುತ್ತಾರೆ, ನಿಜವಾಗಿ ಕಟ್ಟಡ ಬಿಸಿಯಾಗಲು ಸಮಯ ಸಿಕ್ಕಿಲ್ಲ ಅಷ್ಟೆ. ಶ್ರುತಿ ಮಾಡುವವರು ಬರುವ ದಿನ ಒಳಗಿನ ತಾಪ ಭಾನುವಾರದ ತಾಪದಷ್ಟೇ ಇರಬೇಕು. ವಾರದ ದಿನ 60 ಡಿಗ್ರಿಯಲ್ಲಿ ಶ್ರುತಿ ಮಾಡಿಸಿ ಭಾನುವಾರ 70ಕ್ಕೆ ಏರಿಸಿದರೆ ಕೊಟ್ಟ ದುಡ್ಡು ನೀರುಪಾಲು.

ನೇರ ಪ್ರಸಾರ ಮಾಡುವ ಚರ್ಚುಗಳಲ್ಲಿ ಇನ್ನೊಂದು ಎಡವು. ಆರಾಧನೆಯಲ್ಲಿ ಗೀತೆ ಹಾಡಲು ಅಮೆರಿಕದ ಕಾಪಿರೈಟ್ ಕಾನೂನು ವಿನಾಯಿತಿ ಕೊಡುತ್ತದೆ, ಅದನ್ನು ಅಂತರ್ಜಾಲದಲ್ಲಿ ಹರಿಸಲು ಕೊಡುವುದಿಲ್ಲ. ಕಾಪಿರೈಟ್ ಇರುವ ಗೀತೆಯ ಸಾಹಿತ್ಯವನ್ನು ಪರದೆಯ ಮೇಲೆ ತೋರಿಸಲು, ಬುಲೆಟಿನ್‌ನಲ್ಲಿ ಅಚ್ಚು ಹಾಕಲು, ಪ್ರಸಾರ ಮಾಡಲು ಲೈಸೆನ್ಸ್ ಬೇಕು. ಮದುವೆಗೆ ನಿಮ್ಮಿಷ್ಟದ ಹಾಡು ನುಡಿಸಲು ಕೇಳಿದಾಗ ‘ಪ್ರಸಾರ ನಿಲ್ಲಿಸುತ್ತೇವೆ’ ಎಂದರೆ ಕಾರಣ ಇದೇ.

ಮಕ್ಕಳ ವಿಭಾಗವನ್ನು ನೋಡುವಾಗ ಗೋಡೆಯ ಚಿತ್ರಗಳಿಗಿಂತ ಬಾಗಿಲನ್ನು ನೋಡಿ. ಬಾಗಿಲಿಗೆ ಗಾಜಿನ ಕಿಟಕಿ ಇರಬೇಕು. ಕೋಣೆಯಲ್ಲಿ ಒಂದೇ ಮನೆಯವರಲ್ಲದ ಇಬ್ಬರು ವಯಸ್ಕರು ಇರಬೇಕು, ಗಂಡ ಹೆಂಡತಿ ಸೇರಿ ಒಬ್ಬರ ಲೆಕ್ಕ. ಬಿಡುವಾಗ ಕೊಟ್ಟ ಚೀಟಿಯ ಸಂಖ್ಯೆ ತೋರಿಸಿದವರ ಕೈಗೇ ಮಗುವನ್ನು ಕೊಡಬೇಕು, ಪರಿಚಯದ ಅಜ್ಜನಾದರೂ ಸರಿ. ಮಕ್ಕಳ ರಕ್ಷಣೆಯ ನೀತಿಯೊಂದು ಪ್ರತಿ ಸಭೆಯಲ್ಲೂ ಇರಲೇಬೇಕೆಂದು ಪಂಗಡದ ಸಂವಿಧಾನದ ಭಾಗವಾದ ಬುಕ್ ಆಫ್ ಆರ್ಡರ್ ಹೇಳುತ್ತದೆ. ಅದರ ಪ್ರತಿ ಕೇಳಿ, ಕೊಡಲು ಹಿಂಜರಿದರೆ ಮಗುವನ್ನು ನಿಮ್ಮ ಪಕ್ಕದಲ್ಲೇ ಕೂರಿಸಿಕೊಳ್ಳಿ. ನೀತಿ ಎಲ್ಲ ಕಡೆ ಇದೆ, ಕೆಡುವುದು ಆಚರಣೆಯಲ್ಲಿ. ಈಸ್ಟರ್ ಭಾನುವಾರ ಜನ ಹೆಚ್ಚು, ಸ್ವಯಂಸೇವಕರೊಬ್ಬರು ಬರಲಿಲ್ಲ, ‘ಒಂದು ಗಂಟೆ ತಾನೇ’ ಎಂದು ಒಬ್ಬರನ್ನೇ ಬಿಟ್ಟುಬಿಡುತ್ತಾರೆ. ಒಳ್ಳೆಯ ಶಿಕ್ಷಣ ನಿರ್ದೇಶಕರು ಆಗ ಎರಡು ತರಗತಿಗಳನ್ನು ಒಂದು ಮಾಡುತ್ತಾರೆ, ಇಲ್ಲವೇ ಒಂದು ಕೋಣೆಯನ್ನು ಮುಚ್ಚಿಬಿಡುತ್ತಾರೆ. ಅಂಥವರ ಮೇಲೆ ಪೋಷಕರು ಸಿಡುಕಬಾರದು.

ಸೆಕ್ಸ್‌ಟನ್ ಎಂದರೆ ಕಟ್ಟಡ ನೋಡಿಕೊಳ್ಳುವವರು. ಭಾನುವಾರ ಎಲ್ಲರಿಗಿಂತ ಮುಂಚೆ ಬಂದು ಕೊನೆಗೆ ಹೋಗುವವರು, ಸಂಬಳದಲ್ಲಿ ಮಾತ್ರ ಹೆಚ್ಚಾಗಿ ಎಲ್ಲರಿಗಿಂತ ಕೆಳಗೆ. ಕಲ್ಲಿನ ಗೋಡೆಯ ದೊಡ್ಡ ಆರಾಧನಾಲಯ ಚಳಿಗಾಲದಲ್ಲಿ ಒಂದು ಗಂಟೆಯಲ್ಲಿ ಬಿಸಿಯಾಗುವುದಿಲ್ಲ, ಶನಿವಾರ ರಾತ್ರಿಯಿಂದಲೇ ಥರ್ಮೋಸ್ಟಾಟ್ ಏರಿಸಿಡಬೇಕು. ಶನಿವಾರ ಸಂಜೆ ಮದುವೆ, ಭಾನುವಾರ ಬೆಳಿಗ್ಗೆ ಆರಾಧನೆ ಇದ್ದರೆ ನಡುವಿನ ರಾತ್ರಿ ಅವರದು. ಕ್ರಿಸ್ಮಸ್ ಹಿಂದಿನ ರಾತ್ರಿ ಮೇಣದ ಬತ್ತಿ ಹಚ್ಚುವಾಗ ಉರಿಯುವ ಬತ್ತಿಯನ್ನು ನೆಟ್ಟಗೆ ಹಿಡಿಯಿರಿ, ಹಚ್ಚದ ಬತ್ತಿಯನ್ನು ಅದರತ್ತ ಬಾಗಿಸಿ. ಉಲ್ಟಾ ಮಾಡಿದರೆ ಕರಗಿದ ಮೇಣ ಕಾರ್ಪೆಟ್ ಮೇಲೆ. ಅದನ್ನು ತೆಗೆಯಲು ಮೊದಲು ಮಂಜುಗಡ್ಡೆ ಇಟ್ಟು ಗಟ್ಟಿಮಾಡಿ ಕೆರೆಯಬೇಕು, ಉಳಿದದ್ದಕ್ಕೆ ಕಾಗದ ಹಾಸಿ ಇಸ್ತ್ರಿಪೆಟ್ಟಿಗೆಯ ಕಡಿಮೆ ಬಿಸಿಯಲ್ಲಿ ಎಳೆಯಬೇಕು, ಕಲೆ ಕಲೆಗೂ ಹೀಗೆ.

ಹಣದ ಮೇಜು ನೋಡೋಣ. ಕಾಣಿಕೆ ಎಣಿಸುವಾಗ ನೇಮಕವಾದ ಇಬ್ಬರಾದರೂ ಇರಬೇಕು, ಇಲ್ಲವೇ ವಿಮಾ ಜಾಮೀನು ಇರುವ ಒಬ್ಬರು. ಇದು ಬುಕ್ ಆಫ್ ಆರ್ಡರ್‌ನ ನಿಯಮ. ಲೆಕ್ಕಪತ್ರದ ಪೂರ್ಣ ಪರಿಶೀಲನೆ ವರ್ಷಕ್ಕೊಮ್ಮೆ ಆಗಲೇಬೇಕು. ಇದರಾಚೆ ನಾವು ನೋಡುವುದು ಎಣಿಸುವವರು, ಪುಸ್ತಕ ಬರೆಯುವವರು, ಚೆಕ್‌ಗೆ ಸಹಿ ಹಾಕುವವರು ಬೇರೆ ಬೇರೆ ಆಗಿದ್ದಾರೆಯೇ ಎಂದು. ನಂಬಿಗಸ್ಥರೆಂದು ಇಪ್ಪತ್ತು ವರ್ಷ ಒಬ್ಬರ ಕೈಗೇ ಮೂರನ್ನೂ ಕೊಟ್ಟ ಸಭೆ ಆ ಮನುಷ್ಯನಿಗೂ ಅನ್ಯಾಯ ಮಾಡುತ್ತದೆ, ಮುಂದೆ ಲೆಕ್ಕ ತಪ್ಪಿದರೆ ತನ್ನ ಪ್ರಾಮಾಣಿಕತೆ ತೋರಿಸಲು ಅವರಿಗೆ ಸಾಕ್ಷಿಯೇ ಇರುವುದಿಲ್ಲ.

ಸಭಾಪಾಲಕರ ಸಂಬಳದ ಲೆಕ್ಕದಲ್ಲಿ ಹೊಸ ಬುಕ್‌ಕೀಪರ್ ಎಡವದೆ ಇರುವುದು ಅಪರೂಪ. ಆದಾಯ ತೆರಿಗೆಗೆ ಅವರು ಸಾಮಾನ್ಯವಾಗಿ ನೌಕರರು, ವರ್ಷದ ಸಂಬಳ, ತೆರಿಗೆ ತೋರಿಸುವ ಡಬ್ಲ್ಯು-2 ಫಾರ್ಮ್ ಕೊಡಬೇಕು. ಸರ್ಕಾರಿ ಪಿಂಚಣಿಗೆ ಕಟ್ಟುವ ಸೋಶಿಯಲ್ ಸೆಕ್ಯುರಿಟಿ ತೆರಿಗೆಗೆ ಮಾತ್ರ ಸ್ವಂತ ಉದ್ಯೋಗಿ ಎಂಬ ಲೆಕ್ಕ, ಚರ್ಚ್ ಅದನ್ನು ಸಂಬಳದಿಂದ ಹಿಡಿಯುವಂತಿಲ್ಲ. ಮನೆ ಭತ್ಯೆಗೆ ಆದಾಯ ತೆರಿಗೆ ವಿನಾಯಿತಿ ಸಿಗಬೇಕಾದರೆ ಸೆಷನ್ ಮುಂಚಿತವಾಗಿ ನಿರ್ಣಯ ಮಾಡಿ ನಡಾವಳಿಯಲ್ಲಿ ಬರೆಯಬೇಕು. ಡಿಸೆಂಬರ್‌ನಲ್ಲಿ ಮರೆತು ಮಾರ್ಚ್‌ನಲ್ಲಿ ಬರೆದರೆ ಕಳೆದ ತಿಂಗಳುಗಳ ವಿನಾಯಿತಿ ಹೋಯಿತು. ದಾನಿಗಳಿಗೂ ಒಂದು ಮಾತು: ಒಂದೇ ಸಲಕ್ಕೆ 250 ಡಾಲರ್ ಅಥವಾ ಹೆಚ್ಚು ಕೊಟ್ಟಿದ್ದರೆ ತೆರಿಗೆ ಕಡಿತಕ್ಕೆ ಚರ್ಚಿನ ಲಿಖಿತ ರಸೀದಿ ಬೇಕು, ಬ್ಯಾಂಕ್ ಚೆಕ್ಕಿನ ಪ್ರತಿ ಸಾಲದು. ಪ್ರತಿಯಾಗಿ ವಸ್ತು, ಸೇವೆ ಏನೂ ಕೊಟ್ಟಿಲ್ಲ, ಅಥವಾ ಧಾರ್ಮಿಕ ಪ್ರಯೋಜನ ಮಾತ್ರ ಎಂಬ ಸಾಲು ಅದರಲ್ಲಿದೆಯೇ ನೋಡಿ.

ಸಂಬಳವಿಲ್ಲದೆ ದುಡಿಯುವವರನ್ನು ಬಿಟ್ಟರೆ ಈ ವಿಮರ್ಶೆ ಅರೆಬರೆಯಾಗುತ್ತದೆ. ಸಭಾಸೇವಕರು, ಅಂದರೆ ಡೀಕನ್‌ಗಳು, ಹೆರಿಗೆಯಾದ ಮನೆಗೆ ಊಟ ಒಯ್ಯುತ್ತಾರೆ, ಒಂಟಿ ಮುದುಕರನ್ನು ಡಾಕ್ಟರ ಬಳಿಗೆ ಕರೆದೊಯ್ಯುತ್ತಾರೆ. ಪ್ರಭು ಭೋಜನದ ಸಿದ್ಧತೆ ಎಷ್ಟೋ ಕಡೆ ಇವರದೇ. ಒಂದು ತಟ್ಟೆಗೆ 40 ಪುಟ್ಟ ಬಟ್ಟಲು, ದ್ರಾಕ್ಷಿರಸವನ್ನು ಮುಕ್ಕಾಲಿಗಿಂತ ಕೆಳಗೇ ನಿಲ್ಲಿಸಬೇಕು. ತಟ್ಟೆ ಬೆಂಚಿನಿಂದ ಬೆಂಚಿಗೆ ಕೈ ಬದಲಾಗುತ್ತದೆ, ತುಂಬಿದ ಬಟ್ಟಲು ಯಾರದಾದರೂ ಬಿಳಿ ಅಂಗಿಯ ಮೇಲೆ ಚೆಲ್ಲುತ್ತದೆ. ಗೋಧಿ ಒಗ್ಗದವರ ರೊಟ್ಟಿಯನ್ನು ಬೇರೆ ತಟ್ಟೆಯಲ್ಲಿ, ಬೇರೆ ಚಾಕುವಿನಲ್ಲಿ ಕತ್ತರಿಸಿಡಬೇಕು. ಇಷ್ಟನ್ನು ಮರೆಯದ ತಂಡ ಇರುವ ಚರ್ಚಿನಲ್ಲಿ ಉಳಿದ ಸೇವೆಯೂ ಸಾಮಾನ್ಯವಾಗಿ ಚೊಕ್ಕವಾಗಿರುತ್ತದೆ.

ಕ್ಲರ್ಕ್ ಆಫ್ ಸೆಷನ್ ಎಂಬ ಹಿರಿಯರ ಬಳಿ ನಡಾವಳಿ, ಸದಸ್ಯರ ಪಟ್ಟಿ, ದೀಕ್ಷಾಸ್ನಾನದ ದಾಖಲೆ ಇರುತ್ತದೆ. ಬೇರೆ ಊರಿಗೆ ಹೋಗುವಾಗ ಸದಸ್ಯತ್ವದ ವರ್ಗಾವಣೆ ಪತ್ರವನ್ನು ಇವರಲ್ಲೇ ಕೇಳಬೇಕು, ಸಭಾಪಾಲಕರಲ್ಲಿ ಅಲ್ಲ. ತುಂಬ ಹಳೆಯ ರಿಜಿಸ್ಟರ್ ಚರ್ಚಿನಲ್ಲಿ ಸಿಗದಿದ್ದರೆ ಫಿಲಡೆಲ್ಫಿಯಾದ ಪ್ರೆಸ್‌ಬಿಟೇರಿಯನ್ ಹಿಸ್ಟಾರಿಕಲ್ ಸೊಸೈಟಿಯಲ್ಲಿ ವಿಚಾರಿಸಿ, ಬಹಳ ಸಭೆಗಳು ಅಲ್ಲಿಗೆ ಒಪ್ಪಿಸಿವೆ.

ಈ ವ್ಯವಸ್ಥೆಯಲ್ಲಿ ನಮಗೆ ಬೇಸರ ತರಿಸುವುದು ಒಂದೇ ಸಂಗತಿ. ಅರ್ಧ ದಿನದ ನೌಕರರಿಗೆ ಮೇಲಧಿಕಾರಿಗಳು ಹಲವರು. ಆಫೀಸಿನವರಿಗೆ ಕಾಗದದ ಮೇಲೆ ಸಭಾಪಾಲಕರು ಮುಖ್ಯಸ್ಥರು. ಆದರೆ ಕಟ್ಟಡ ಸಮಿತಿಯವರು ಒಂದು ಹೇಳುತ್ತಾರೆ, ಆರಾಧನಾ ಸಮಿತಿಯವರು ಇನ್ನೊಂದು, ಇಪ್ಪತ್ತು ವರ್ಷದ ಸದಸ್ಯೆ ಮತ್ತೊಂದು. ಕೆಲಸ ಬಿಟ್ಟು ಹೋಗುವವರಲ್ಲಿ ಬಹಳ ಜನ ಸಂಬಳಕ್ಕಿಂತ ಇದಕ್ಕೇ ಸೋತು ಹೋಗುತ್ತಾರೆ. ಸಿಬ್ಬಂದಿ ಸಮಿತಿ ಗಟ್ಟಿಯಾಗಿರುವ ಚರ್ಚಿನಲ್ಲಿ ಪ್ರತಿ ಹುದ್ದೆಗೂ ಬರವಣಿಗೆಯಲ್ಲಿ ಕೆಲಸದ ವಿವರ ಇರುತ್ತದೆ, ಮೇಲಿನವರೊಬ್ಬರ ಹೆಸರು ಇರುತ್ತದೆ, ದೂರು ಬಂದರೆ ಅದು ನೇರ ನೌಕರರ ಮುಖಕ್ಕೆ ಹೋಗದೆ ಸಮಿತಿಗೆ ಹೋಗುತ್ತದೆ. ಸೇರಬೇಕೆಂದಿರುವ ಸಭೆಯಲ್ಲಿ ಆಫೀಸಿನವರು, ಸೆಕ್ಸ್‌ಟನ್ ಎಷ್ಟು ವರ್ಷದಿಂದ ಇದ್ದಾರೆ ಎಂದು ಕೇಳಿ. ವರ್ಷಕ್ಕೊಬ್ಬರು ಬದಲಾಗುತ್ತಿದ್ದರೆ ಒಳಗೆ ಏನೋ ಸರಿಯಿಲ್ಲ.

ಇನ್ನು ಕರೆ ಮಾಡುವ ಕ್ರಮ. ಎಷ್ಟೋ ಸಭಾಪಾಲಕರಿಗೆ ಸೋಮವಾರ ಅಥವಾ ಶುಕ್ರವಾರ ರಜೆ, ಮಂಗಳವಾರ ಬೆಳಿಗ್ಗೆ ಕರೆ ಮಾಡುವುದು ಉತ್ತಮ. ಸಾವು, ಅಪಘಾತಕ್ಕೆ ದಿನ ನೋಡಬೇಡಿ, ಆಫೀಸಿನ ಫೋನಿನ ಧ್ವನಿಮುದ್ರಣದಲ್ಲಿ ತುರ್ತು ಸಂಖ್ಯೆ ಹೆಚ್ಚಾಗಿ ಇರುತ್ತದೆ. ಅಂತ್ಯಕ್ರಿಯೆಗೆ ಅದರ ಏರ್ಪಾಡು ಮಾಡುವ ಫ್ಯೂನರಲ್ ಹೋಮ್ ಜೊತೆ ದಿನ ಗೊತ್ತುಮಾಡುವ ಮೊದಲೇ ಚರ್ಚಿಗೆ ಹೇಳಿ, ಅವತ್ತು ಹಾಲ್ ಬೇರೆಯವರಿಗೆ ಕೊಟ್ಟಿರಬಹುದು, ಆರ್ಗನ್ ನುಡಿಸುವವರು ಶಾಲೆಯಲ್ಲಿ ಪಾಠ ಮಾಡುತ್ತಿರಬಹುದು. ಮದುವೆಗಾದರೆ ಮೊದಲು ಸಭಾಪಾಲಕರೊಂದಿಗೆ ಮಾತುಕತೆ, ಆಮೇಲೆ ಛತ್ರ, ಊಟ. ಮದುವೆ ಮಾಡಿಸಲು ಒಲ್ಲೆ ಎನ್ನುವ ಹಕ್ಕು ಅವರಿಗಿದೆ, ಕಟ್ಟಡ ಕೊಡಲು ಒಲ್ಲೆ ಎನ್ನುವ ಹಕ್ಕು ಸೆಷನ್‌ಗಿದೆ. ಆರ್ಗನ್ ನುಡಿಸುವವರ, ಸೆಕ್ಸ್‌ಟನ್ ಅವರ ಗೌರವಧನ ಕಟ್ಟಡದ ಬಾಡಿಗೆಯಲ್ಲಿ ಸೇರಿದೆಯೇ ಎಂದು ಕೇಳಿ ಬರೆಸಿಕೊಳ್ಳಿ, ಸೇರಿಲ್ಲದಿದ್ದರೆ ಹೆಸರು ಬರೆದ ಲಕೋಟೆಗಳನ್ನು ಹಿಂದಿನ ಸಂಜೆಯ ರಿಹರ್ಸಲ್‌ನಲ್ಲೇ ಕೊಟ್ಟುಬಿಡಿ. ಸರ್ಕಾರಿ ಮದುವೆ ಲೈಸೆನ್ಸನ್ನೂ ಅದೇ ಸಂಜೆ ಸಭಾಪಾಲಕರ ಕೈಗೆ ಒಪ್ಪಿಸಿ.